ದುಗ್ಧಗ್ರಂಥಿಗಳ ಚಕ್ಕುಬಂದಿ

೧೯೩೩ನೆಯ ಇಸವಿ ಏಪ್ರಿಲ್ ೫ರಂದು ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಎವರ್ಟ್ಸ್ ಗ್ರೇಯಮ್ ಎಂಬ ಶಸ್ತ್ರವೈದ್ಯನು ಏಡಿಗಂತಿ ತಗುಲಿದ್ದ ಒಬ್ಬ ರೋಗಿಯ ಎಡ ಶ್ವಾಸಕೋಶವನ್ನು ಇಡಿಯಾಗಿ, ಒಂದೇ ಸಲಕ್ಕೆ, ಹೊರತೆಗೆದನು. ಏಡಿಗಂತಿ ಎಂದರೆ ನಾವು ಕ್ಯಾನ್ಸರ್ ಎಂದು ಕರೆಯುವ ರೋಗವೇ. ಆ ರೋಗಿಯೂ ವೈದ್ಯವೃತ್ತಿಯವನೇ ಆಗಿದ್ದನು. ಉಳಿದ ಒಂದೇ ಶ್ವಾಸಕೋಶದಿಂದ ಮನುಷ್ಯನು ಬಾಳಬಲ್ಲನೆ ಎಂಬ ಸಂಶಯ ಇನ್ನೂ ತೀರದಿದ್ದ ಕಾಲವದು. ರೋಗಿಯು ಬದುಕಿದ್ದಷ್ಟೇ ಅಲ್ಲ, ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಬಾಳಿದನು. ಅವನ ಎದೆಯನ್ನು ತೆರೆದ ಗ್ರೇಯಮ್ಮನು ಅವನಿಗಿಂತ ಮುಂಚೆ, ೧೯೫೭ರಲ್ಲಿ, ಅದೇ ಶ್ವಾಸಕೋಶದ ಏಡಿಗಂತಿಯಿಂದ ತೀರಿಕೊಂಡನು. ಸಿಗರೇಟಿಗೂ ಈ ರೋಗಕ್ಕೂ ಇರುವ ನಂಟನ್ನು ೧೯೫೦ರಲ್ಲಿ ವಿಂಡರ್ ಎಂಬ ಯುವಕನೊಡನೆ ಸೇರಿ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಗ್ರೇಯಮ್ಮನೂ ಒಬ್ಬನು. ತಾನೂ ಬಹುಕಾಲ ಸಿಗರೇಟು ಸೇದಿದವನು.

ಈ ವಿಜಯದಿಂದ ಧೈರ್ಯಗೊಂಡ ಶಸ್ತ್ರವೈದ್ಯರು ಎಲ್ಲೆಡೆಯೂ ಶ್ವಾಸಕೋಶಕ್ಕೆ ಕತ್ತಿ ಹಾಕತೊಡಗಿದರು. ಆದರೆ ಎಲ್ಲರಿಗೂ ಅದೇ ಫಲ ದೊರೆಯಲಿಲ್ಲ. ಗಂತಿಯನ್ನು ಬುಡಸಹಿತ ತೆಗೆದು ಹಾಕಿದೆವೆಂದು ವೈದ್ಯರು ನಂಬಿದ್ದ ಎಷ್ಟೋ ರೋಗಿಗಳಲ್ಲಿ ವರ್ಷ ಎರಡು ವರ್ಷಗಳೊಳಗೆ ರೋಗವು ಮರಳಿ ತಲೆಯೆತ್ತಿತು. ಇನ್ನು ಕೆಲವರ ಎದೆಯನ್ನು ತೆರೆದ ಮೇಲೆಯೇ ರೋಗವು ಕೈಮೀರಿ ಹಬ್ಬಿರುವುದು ಕಂಡುಬಂದು, ಏನನ್ನೂ ಮಾಡದೆ ಹಾಗೆಯೇ ಹೊಲಿದುಬಿಡಬೇಕಾಯಿತು. ಪಕ್ಕೆಲುಬುಗಳನ್ನು ಅಗಲಿಸಿ ಎದೆಗೂಡನ್ನು ತೆರೆಯುವುದು ಸಣ್ಣ ಕೆಲಸವಲ್ಲ. ಆ ನೋವನ್ನು ಉಂಡು, ಫಲವನ್ನು ಮಾತ್ರ ಕಾಣದೆ ಹೋದ ರೋಗಿಯ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು. ಹಾಗಾದರೆ ಯಾರಿಗೆ ಶಸ್ತ್ರಚಿಕಿತ್ಸೆ ಮಾಡಬೇಕು, ಯಾರಿಗೆ ಮಾಡಬಾರದು ಎಂಬುದನ್ನು ಕತ್ತಿ ಹಿಡಿಯುವ ಮುನ್ನವೇ ತಿಳಿಯುವ ಬಗೆ ಹೇಗೆ? ಇದಕ್ಕೆ ಉತ್ತರವು ಶ್ವಾಸಕೋಶದಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ಬುಡದಲ್ಲಿಯೂ ಶ್ವಾಸನಾಳದ ಇಕ್ಕೆಲಗಳಲ್ಲಿಯೂ ಹರಡಿರುವ ಪುಟ್ಟ ಪುಟ್ಟ ದುಗ್ಧಗ್ರಂಥಿಗಳಲ್ಲಿ ಅಡಗಿದೆ.

ರಕ್ತವು ಧಮನಿಗಳ ಮೂಲಕ ಹೋಗಿ ಸಿರೆಗಳ ಮೂಲಕ ಹಿಂದಿರುಗುವುದೆಂದು ಎಲ್ಲ ವಿದ್ಯಾರ್ಥಿಗಳೂ ಕಲಿತಿರುತ್ತಾರೆ. ಆದರೆ ಹೋದುದೆಲ್ಲವೂ ಸಿರೆಗಳಿಂದಲೇ ಹಿಂದಿರುಗುವುದಿಲ್ಲ. ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳಿಂದ ಸ್ವಲ್ಪ ದ್ರವವು ಜಿನುಗಿ ಅಂಗಾಂಶಗಳ ನಡುವೆ ನಿಲ್ಲುವುದು. ಅದನ್ನು ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸುವ ಇನ್ನೊಂದು ನಾಳವ್ಯೂಹವುಂಟು. ದಿನವೊಂದಕ್ಕೆ ಎರಡರಿಂದ ನಾಲ್ಕು ಲೀಟರುಗಳಷ್ಟು ದ್ರವವು ಹೀಗೆ ಕತ್ತಿನ ಬುಡದಲ್ಲಿ ರಕ್ತವನ್ನು ಕೂಡಿಕೊಳ್ಳುವುದು. ೧೬೨೨ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಗಾಸ್ಪರೋ ಅಸೆಲ್ಲಿ ಎಂಬ ವೈದ್ಯನು ಆಗತಾನೇ ಉಂಡಿದ್ದ ನಾಯಿಯೊಂದರ ಹೊಟ್ಟೆಯನ್ನು ಸೀಳಿ ನೋಡುತ್ತಿದ್ದಾಗ ಕರುಳಿನ ಮೇಲೆ ಬಿಳಿಯ ಎಳೆಗಳು ಹರಡಿರುವುದನ್ನು ಕಂಡನು. ನರಗಳೆಂದು ಭಾವಿಸಿ ಒಂದನ್ನು ಕತ್ತರಿಸಿದರೆ ಹಾಲಿನಂಥ ರಸ ಒಸರಿತು. ನಮ್ಮ ಭಾಷೆಯ ‘ದುಗ್ಧರಸ’ ಎಂಬ ಹೆಸರು ಈ ಕರುಳಿನ ರಸಕ್ಕೆ ಚೆನ್ನಾಗಿ ಒಪ್ಪುವುದು. ಶ್ವಾಸಕೋಶದಿಂದ ಹರಿದು ಬರುವ ರಸವಾದರೋ ತಿಳಿನೀರಿನಂತಿರುತ್ತದೆ. ಅದರಲ್ಲಿ ಹಾಲಿನ ಸುಳಿವೂ ಇಲ್ಲ. ಹೆಸರು ರೂಢಿಗೆ ಬಂದುಬಿಟ್ಟಿದೆ, ಇನ್ನು ಬದಲಿಸುವಂತಿಲ್ಲ.

ಈ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಗಂಟುಗಳಿವೆ. ಇವೇ ದುಗ್ಧಗ್ರಂಥಿಗಳು. ದೇಹದಲ್ಲೆಲ್ಲಾ ಸುಮಾರು ಆರುನೂರು ಇರಬಹುದು. ಗಾತ್ರದಲ್ಲಿ ರಾಗಿಕಾಳಿನಿಂದ ಅವರೆಕಾಳಿನವರೆಗೆ. ಹಳೆಯ ಮೈಸೂರು ಸೀಮೆಯ ಕೆರೆಗಳನ್ನು ಕಂಡವರಿಗೆ ಇವುಗಳ ಏರ್ಪಾಡನ್ನು ತಿಳಿಸುವುದು ಸುಲಭ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಹರಿಯುವುದು. ಮಳೆಯ ನೀರಿನೊಡನೆ ಬಂದ ಹೂಳು ಮೊದಲನೆಯ ಕೆರೆಯಲ್ಲಿಯೇ ಹೆಚ್ಚಾಗಿ ನಿಲ್ಲುವುದು. ಏಡಿಗಂತಿಯ ಜೀವಕೋಶಗಳೂ ಹೀಗೆಯೇ. ಮೂಲಗಂತಿಯಿಂದ ಕಳಚಿಕೊಂಡ ಕೋಶಗಳು ದುಗ್ಧರಸದೊಡನೆ ತೇಲಿಬಂದು ಮೊದಲು ಸಿಕ್ಕುವ ಗ್ರಂಥಿಯಲ್ಲಿ ತಂಗುವುವು. ಹೂಳಿನಂತೆ ಸುಮ್ಮನೆ ಬಿದ್ದಿರದೆ ಅಲ್ಲಿಯೇ ಬೆಳೆದು, ಮುಂದಿನ ಗ್ರಂಥಿಗೆ ಹೊರಡುವುವು. ಆದುದರಿಂದ ಯಾವ ಯಾವ ಗ್ರಂಥಿಯಲ್ಲಿ ಈ ಕೋಶಗಳಿವೆ ಎಂದು ತಿಳಿದರೆ ರೋಗವು ಎಷ್ಟು ದೂರ ಪ್ರಯಾಣ ಮಾಡಿದೆ ಎಂಬುದು ತಿಳಿದಂತೆ. ಕೆಲವು ಕಾಲುವೆಗಳು ಮೊದಲನೆಯ ಕೆರೆಯನ್ನು ಬಳಸಿಕೊಂಡು ನೇರವಾಗಿ ಎರಡನೆಯದಕ್ಕೆ ಹೋಗುವುದೂ ಉಂಟು. ಶ್ವಾಸಕೋಶದ ಬುಡದ ಗ್ರಂಥಿಗಳು ಶುದ್ಧವಾಗಿದ್ದು ಎದೆಯ ನಡುವಿನ ಗ್ರಂಥಿಗಳಲ್ಲಿ ರೋಗ ಸಿಕ್ಕುವ ರೋಗಿಗಳು ಅಪರೂಪವಲ್ಲ. ಮೊದಲನೆಯ ಕೆರೆಯನ್ನು ಮಾತ್ರ ನೋಡಿ ತೃಪ್ತರಾಗುವಂತಿಲ್ಲವೆಂಬುದಕ್ಕೆ ಇದೇ ಕಾರಣ.

ಫ್ರಾನ್ಸಿನ ಪಿಯೆರ್ ದೆನ್ವಾ ಎಂಬುವರು ೧೯೪೩ರಿಂದ ೧೯೫೨ರವರೆಗಿನ ಅವಧಿಯಲ್ಲಿ ಏಡಿಗಂತಿಯ ಹಂತಗಳನ್ನು ಮೂರು ಅಕ್ಷರಗಳಿಂದ ಗುರುತಿಸುವ ಕ್ರಮವನ್ನು ರೂಪಿಸಿದರು. ‘ಟಿ’ ಎಂದರೆ ಮೂಲಗಂತಿ, ‘ಎನ್’ ಎಂದರೆ ದುಗ್ಧಗ್ರಂಥಿ, ‘ಎಂ’ ಎಂದರೆ ದೂರದ ಅಂಗಗಳಿಗೆ ಹಬ್ಬಿದ ರೋಗ. ಶ್ವಾಸಕೋಶದ ವಿಷಯದಲ್ಲಿ ‘ಎನ್’ಗೆ ನಾಲ್ಕು ಮೆಟ್ಟಲುಗಳಿವೆ. ಯಾವ ಗ್ರಂಥಿಯಲ್ಲಿಯೂ ರೋಗವಿಲ್ಲದಿದ್ದರೆ ಎನ್-೦. ಗಂತಿಯಿರುವ ಕಡೆಯ ಶ್ವಾಸಕೋಶದ ಒಳಗೆ ಅಥವಾ ಅದರ ಬುಡದಲ್ಲಿದ್ದರೆ ಎನ್-೧. ಅದೇ ಕಡೆಯಲ್ಲಿ, ಎರಡು ಶ್ವಾಸಕೋಶಗಳ ನಡುವಣ ಮಧ್ಯಾವಕಾಶವನ್ನು ಹೊಕ್ಕಿದ್ದರೆ ಎನ್-೨. ಎದುರು ಕಡೆಗೆ ದಾಟಿದ್ದರೆ, ಇಲ್ಲವೆ ಕೊರಳೆಲುಬಿನ ಮೇಲಕ್ಕೆ ಏರಿದ್ದರೆ ಎನ್-೩. ಶ್ವಾಸಕೋಶದ ಏಡಿಗಂತಿಯಲ್ಲಿ ಬಹುಪಾಲಾಗಿರುವ ‘ಸಣ್ಣ ಕೋಶದ್ದಲ್ಲದ’ ಬಗೆಯಲ್ಲಿ ಈ ಮೆಟ್ಟಲುಗಳ ಅಂತರವೆಷ್ಟೆಂಬುದನ್ನು ೨೦೧೫ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಲೆಕ್ಕವೊಂದು ತೋರಿಸುತ್ತದೆ. ಚಿಕಿತ್ಸೆಗೆ ಮುನ್ನ ನಿರ್ಣಯಿಸಿದ ಹಂತದ ಪ್ರಕಾರ, ಐದು ವರ್ಷಗಳ ಅನಂತರ ಬದುಕಿ ಉಳಿದವರು ನೂರಕ್ಕೆ ಕ್ರಮವಾಗಿ ೬೦, ೩೭, ೨೩ ಮತ್ತು ೯. ಚಿಕಿತ್ಸೆಯೂ ಇದಕ್ಕೆ ತಕ್ಕಂತೆ ಬೇರೆಬೇರೆ. ಮೊದಲ ಎರಡು ಮೆಟ್ಟಲುಗಳಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಮೊದಲ ಸ್ಥಾನ. ಮೂರನೆಯದರಲ್ಲಿ ಔಷಧ, ವಿಕಿರಣ, ಶಸ್ತ್ರ ಇವುಗಳನ್ನು ಹೇಗೆ ಜೋಡಿಸಬೇಕೆಂಬ ವಿಚಾರಣೆ ನಡೆಯುವುದು. ನಾಲ್ಕನೆಯದರಲ್ಲಿ ಕತ್ತಿಯನ್ನು ಸಾಧಾರಣವಾಗಿ ಕೆಳಗಿಡುವರು.

ಹೀಗಿರುವಲ್ಲಿ ಗ್ರಂಥಿಯೊಂದು ‘ಬುಡದಲ್ಲಿದೆ’ ಎನ್ನುವುದಕ್ಕೂ ‘ಮಧ್ಯಾವಕಾಶದಲ್ಲಿದೆ’ ಎನ್ನುವುದಕ್ಕೂ ಇರುವ ಭೇದ ಬರಿಯ ಮಾತಿನ ಭೇದವಲ್ಲ. ಆದರೆ ಎದೆಯೊಳಗೆ ಯಾರೂ ಗಡಿಕಲ್ಲು ನೆಟ್ಟಿಲ್ಲ. ಅಲ್ಲಿರುವುದು ಕೊಬ್ಬು, ರಕ್ತನಾಳ, ಗ್ರಂಥಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ಇಕ್ಕಟ್ಟಾದ ಪ್ರದೇಶ. ಮೊದಲು ಇದನ್ನು ಅಳೆದು ಸರ್ವೆ ನಂಬರು ಕೊಟ್ಟವರು ಟೋಕಿಯೋ ನಗರದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಶಸ್ತ್ರವೈದ್ಯ ತ್ಸುಗುಒ ನಾರುಕೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಒಂದೊಂದು ಗ್ರಂಥಿಯೂ ಎಲ್ಲಿಂದ ಬಂದಿತೆಂಬುದನ್ನು ಅವರು ಚಿತ್ರದಲ್ಲಿ ಗುರುತಿಸಿ, ಸೂಕ್ಷ್ಮದರ್ಶಕದ ಫಲಿತಾಂಶವನ್ನು ಅದರ ಮುಂದೆ ಬರೆದಿಡುತ್ತ ಹೋದರು. ೧೯೬೦ರ ದಶಕದಲ್ಲಿ ಜಪಾನೀ ಭಾಷೆಯಲ್ಲಿಯೂ ೧೯೭೮ರಲ್ಲಿ ಇಂಗ್ಲಿಷಿನಲ್ಲಿಯೂ ಈ ನಕ್ಷೆ ಪ್ರಕಟವಾಯಿತು. ಇಂದಿಗೂ ಬಳಕೆಯಲ್ಲಿರುವ ೧ರಿಂದ ೧೪ರವರೆಗಿನ ಅಂಕಿಗಳ ಮೂಲ ಇದೇ. ಒಂದೊಂದು ಅಂಕಿಯ ಪ್ರದೇಶವನ್ನೂ ‘ಠಾಣೆ’ ಎನ್ನಬಹುದು.

ಠಾಣೆಗಳ ಸುತ್ತ ಒಮ್ಮೆ ಪ್ರದಕ್ಷಿಣೆ ಬರೋಣ. ೧ನೆಯದು ಕತ್ತಿನ ಬುಡದಲ್ಲಿ, ಕೊರಳೆಲುಬಿನ ಸಮೀಪ. ಅಲ್ಲಿಂದ ಇಳಿದರೆ ಶ್ವಾಸನಾಳದ ಎರಡು ಮಗ್ಗುಲುಗಳಲ್ಲಿ ಮೇಲುಗಡೆ ೨, ಕೆಳಗಡೆ ೪. ದೊಡ್ಡ ರಕ್ತನಾಳಗಳ ಮುಂದೆ ಮತ್ತು ಶ್ವಾಸನಾಳದ ಬೆನ್ನಿಗೆ ೩. ಹೃದಯದಿಂದ ಹೊರಟ ಮಹಾಪಧಮನಿಯು ಕಮಾನಿನಂತೆ ಬಾಗುವೆಡೆಯಲ್ಲಿ, ಎಡಗಡೆಗೆ, ೫ ಮತ್ತು ೬. ಶ್ವಾಸನಾಳವು ಎರಡಾಗಿ ಕವಲೊಡೆಯುವ ಸಂದಿಯ ಕೆಳಗೆ ೭. ಎರಡು ಶ್ವಾಸಕೋಶಗಳ ಕೆಳಹಾಲೆಗಳ ರಸವೂ ಹೆಚ್ಚಾಗಿ ಇತ್ತ ಹರಿಯುವುದರಿಂದ ಇದು ಬಹು ಮುಖ್ಯವಾದ ಠಾಣೆ. ಅನ್ನನಾಳದ ಬದಿಯಲ್ಲಿ ೮, ಶ್ವಾಸಕೋಶವನ್ನು ಕೆಳಗೆ ಹಿಡಿದಿರುವ ಪೊರೆಯಲ್ಲಿ ೯. ಶ್ವಾಸಕೋಶದ ಬುಡದಲ್ಲಿ ೧೦, ಹಾಲೆಗಳ ನಡುವೆ ೧೧, ಮುಂದೆ ಒಳಹೊಕ್ಕಂತೆಲ್ಲ ೧೨, ೧೩, ೧೪. ವಿದ್ಯಾರ್ಥಿಗಳು ನೆನಪಿಡಲು ಒಂದು ಸುಲಭೋಪಾಯವುಂಟು: ಗಂತಿಯಿರುವ ಕಡೆಯ ಠಾಣೆಯ ಸಂಖ್ಯೆಯಲ್ಲಿ ಎರಡು ಅಂಕಿಗಳಿದ್ದರೆ ಎನ್-೧, ಒಂದೇ ಅಂಕಿಯಿದ್ದರೆ ಎನ್-೨. ೧ನೆಯ ಠಾಣೆ ಮಾತ್ರ ಇದಕ್ಕೆ ಹೊರತು. ಅದು ಯಾವ ಕಡೆಯದಾದರೂ ಎನ್-೩.

ನಮ್ಮಲ್ಲಿ ಜಮೀನಿನ ಪತ್ರ ಬರೆಯುವಾಗ ಸರ್ವೆ ನಂಬರಿನ ಜೊತೆಗೆ ಚಕ್ಕುಬಂದಿಯನ್ನೂ ಬರೆಯುತ್ತಾರೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ. ನಂಬರು ಒಂದೇ ಇದ್ದು ಚಕ್ಕುಬಂದಿ ಬೇರೆಯಾದರೆ ವ್ಯಾಜ್ಯ ತಪ್ಪಿದ್ದಲ್ಲ. ಎದೆಯ ನಕ್ಷೆಯಲ್ಲಿ ಆದುದೂ ಇದೇ. ಅಮೆರಿಕದವರು ೧೯೮೩ರಲ್ಲಿ ತಮ್ಮದೇ ನಕ್ಷೆಯನ್ನು ತಂದರು. ೧೯೯೭ರಲ್ಲಿ ಕ್ಲಿಫ್ಟನ್ ಮೌಂಟನ್ ಮತ್ತು ಕ್ಯಾರೊಲಿನ್ ಡ್ರೆಸ್ಲರ್ ಎಂಬುವರು ಅದನ್ನು ಸುಧಾರಿಸಿ ಎರಡು ಪಕ್ಷಗಳನ್ನೂ ಒಂದುಗೂಡಿಸಲು ಯತ್ನಿಸಿದರು. ಆದರೂ ಜಪಾನಿನವರು ನಾರುಕೆಯ ನಕ್ಷೆಯನ್ನು ಬಿಡಲಿಲ್ಲ. ಎರಡರಲ್ಲಿಯೂ ೭ ಎಂಬ ಠಾಣೆಯುಂಟು, ೧೦ ಎಂಬ ಠಾಣೆಯುಂಟು. ಗಡಿ ಮಾತ್ರ ಬೇರೆ. ಶ್ವಾಸನಾಳದ ಮುಖ್ಯ ಕವಲಿನ ಕೆಳ ಅಂಚಿನಲ್ಲಿರುವ ಗ್ರಂಥಿಗಳು ಟೋಕಿಯೋದಲ್ಲಿ ೧೦, ಅಂದರೆ ಎನ್-೧. ಹ್ಯೂಸ್ಟನ್ನಿನಲ್ಲಿ ೭, ಅಂದರೆ ಎನ್-೨. ಒಬ್ಬನೇ ರೋಗಿ, ಒಂದೇ ಗ್ರಂಥಿ; ಒಂದು ಊರಿನಲ್ಲಿ ಎರಡನೆಯ ಹಂತದ ರೋಗ, ಇನ್ನೊಂದೂರಿನಲ್ಲಿ ಮೂರನೆಯ ಹಂತದ್ದು! ಮೂರನೆಯ ಹಂತದ ರೋಗಿಗಳು ಜಪಾನಿನಲ್ಲಿ ಎಷ್ಟು ಮಂದಿ ಬದುಕಿದರು, ಅಮೆರಿಕದಲ್ಲಿ ಎಷ್ಟು ಮಂದಿ ಬದುಕಿದರು ಎಂದು ಹೋಲಿಸಿದರೆ ಆ ಹೋಲಿಕೆಗೆ ಅರ್ಥವೇನು? ಚಿಕಿತ್ಸೆಯ ಗುಣವೆಂದು ನಾವು ತಿಳಿದುಕೊಂಡದ್ದು ಗಡಿರೇಖೆಯ ಗುಣವಾಗಿರಬಹುದು.

ಈ ವ್ಯಾಜ್ಯ ೨೦೦೯ರವರೆಗೂ ನಡೆಯಿತು. ೧೯೯೦ರಿಂದ ೨೦೦೦ದವರೆಗೆ ಚಿಕಿತ್ಸೆ ಪಡೆದ ೬೭,೦೦೦ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಅನೇಕ ದೇಶಗಳಿಂದ ಕಲೆಹಾಕಿದ ಅಂತಾರಾಷ್ಟ್ರೀಯ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನ ಸಂಘವು ಎರಡು ನಕ್ಷೆಗಳ ಬದಲು ಒಂದನ್ನೇ ಮಾಡಿಸಿತು. ನ್ಯೂಯಾರ್ಕಿನ ವ್ಯಾಲರಿ ರಶ್ ಎಂಬ ಶಸ್ತ್ರವೈದ್ಯೆ ಅದನ್ನು ಪ್ರಕಟಿಸಿದವರಲ್ಲಿ ಮೊದಲಿಗರು. ಈ ನಕ್ಷೆಯ ಹಿರಿಮೆಯಿರುವುದು ಅದು ಆರಿಸಿಕೊಂಡ ಗಡಿಕಲ್ಲುಗಳಲ್ಲಿ. ಹಳೆಯ ಅಮೆರಿಕದ ನಕ್ಷೆಯಲ್ಲಿ ೪ಕ್ಕೂ ೧೦ಕ್ಕೂ ನಡುವಣ ಗಡಿ ಶ್ವಾಸಕೋಶವನ್ನು ಹೊದ್ದ ಪೊರೆಯು ಮಡಿಚಿಕೊಳ್ಳುವ ರೇಖೆಯಾಗಿತ್ತು. ಎದೆಯನ್ನು ತೆರೆದವನಿಗೆ ಮಾತ್ರ ಅದು ಕಾಣುವುದು, ಛಾಯಾಚಿತ್ರದಲ್ಲಿ ಕಾಣದು. ಹೊಸ ನಕ್ಷೆಯಲ್ಲಿ ಬಲಗಡೆಗೆ ಅಜೈಗಸ್ ಎಂಬ ಸಿರೆಯ ಕೆಳ ಅಂಚೂ, ಎಡಗಡೆಗೆ ಶ್ವಾಸಕೋಶ ಧಮನಿಯ ಮೇಲಂಚೂ ಗಡಿಗಳಾದುವು. ಇವು ಚಿತ್ರದಲ್ಲಿಯೂ ಕಾಣುವುವು, ಕಣ್ಣಿಗೂ ಕಾಣುವುವು. ಎಡ ಬಲಗಳ ವಿಭಾಗ ಮಾತ್ರ ಸ್ವಲ್ಪ ವಿಚಿತ್ರ. ೨ ಮತ್ತು ೪ನೆಯ ಠಾಣೆಗಳಿಗೆ ದೇಹದ ನಡುಗೆರೆಯನ್ನು ಹಿಡಿಯದೆ ಶ್ವಾಸನಾಳದ ಎಡ ಅಂಚನ್ನು ಹಿಡಿದಿದ್ದಾರೆ. ಅಲ್ಲಿಯ ದುಗ್ಧರಸವು ಬಲಗಡೆಗೇ ಹೆಚ್ಚು ವಾಲಿ ಹರಿಯುವುದರಿಂದ ಅದು ನ್ಯಾಯವೇ ಆಗಿದೆ.

ನಕ್ಷೆಯಾಯಿತು. ಇನ್ನು ಯಾವ ಠಾಣೆಯಲ್ಲಿ ಕಳ್ಳನು ಅಡಗಿದ್ದಾನೆಂಬುದನ್ನು ಪತ್ತೆಮಾಡುವ ಬಗೆ. ಸುಲಭವಾದುದು ಕ್ಷ-ಕಿರಣಗಳಿಂದ ದೇಹವನ್ನು ಹೋಳುಹೋಳಾಗಿ ಚಿತ್ರಿಸುವ ಸಿ.ಟಿ. ಯಂತ್ರ. ಗ್ರಂಥಿಯ ಕಿರಿಯ ಅಡ್ಡಳತೆ ಒಂದು ಸೆಂಟಿಮೀಟರನ್ನು ಮೀರಿದರೆ ಸಂಶಯಪಡಬೇಕೆಂಬುದು ವೈದ್ಯರ ರೂಢಿ. ಆದರೆ ಗಾತ್ರವೊಂದನ್ನೇ ನಂಬುವುದು ಅಪಾಯ. ನಿಜವಾಗಿ ಮಧ್ಯಾವಕಾಶದಲ್ಲಿ ರೋಗವಿರುವ ನೂರು ಮಂದಿಯಲ್ಲಿ ಈ ಯಂತ್ರವು ಸುಮಾರು ೫೫ ಮಂದಿಯನ್ನಷ್ಟೇ ಹಿಡಿಯಬಲ್ಲುದು. ವಿಕಿರಣಶೀಲ ಫ್ಲೂರಿನ್ ಸೇರಿಸಿದ ಸಕ್ಕರೆಯನ್ನು ಕೊಟ್ಟು, ಅದನ್ನು ಹಸಿದಂತೆ ಕಬಳಿಸುವ ಜೀವಕೋಶಗಳನ್ನು ಗುರುತಿಸುವ ಪೆಟ್ ಯಂತ್ರವು ೮೦ ಮಂದಿಯನ್ನು ಹಿಡಿಯುವುದು. ಇದೂ ತಪ್ಪುವುದುಂಟು, ಅದರಲ್ಲಿಯೂ ನಮ್ಮ ದೇಶದಲ್ಲಿ. ಕ್ಷಯರೋಗವು ಇನ್ನೂ ವ್ಯಾಪಕವಾಗಿರುವ ಭಾರತದಲ್ಲಿ ಎದೆಯ ಗ್ರಂಥಿಗಳು ಊದಿಕೊಳ್ಳುವುದಕ್ಕೆ ಏಡಿಗಂತಿಯೇ ಬೇಕಾಗಿಲ್ಲ. ಕ್ಷಯದ ಗ್ರಂಥಿಯಲ್ಲಿ ಹೋರಾಡುತ್ತಿರುವ ಬಿಳಿಯ ಕಣಗಳೂ ಸಕ್ಕರೆಯನ್ನು ಯಥೇಚ್ಛವಾಗಿ ತಿನ್ನುವುವು. ಚಿತ್ರದಲ್ಲಿ ಅವೂ ಉರಿಯುವ ಕೆಂಡದಂತೆ ಹೊಳೆಯುವುವು. ಚಿತ್ರವನ್ನು ಮಾತ್ರ ನೋಡಿ ‘ಎನ್-೩, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ’ ಎಂದು ತೀರ್ಪಿತ್ತರೆ, ಗುಣವಾಗಬಹುದಾಗಿದ್ದ ರೋಗಿಯನ್ನು ಕೈಬಿಟ್ಟಂತಾಗುವುದು. ಎದೆಯನ್ನು ವೃಥಾ ತೆರೆಯುವುದು ಎಷ್ಟು ದೊಡ್ಡ ಅನ್ಯಾಯವೋ ಇದೂ ಅಷ್ಟೇ ದೊಡ್ಡದು. ಆದುದರಿಂದ ಸಂಶಯ ಬಂದ ಕಡೆಯಿಂದ ಒಂದು ಚೂರನ್ನಾದರೂ ತಂದು ಸೂಕ್ಷ್ಮದರ್ಶಕದ ಕೆಳಗೆ ಇಡಲೇಬೇಕು.

ತರುವುದು ಹೇಗೆ? ೧೯೫೯ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲೆನ್ಸ್ ಎಂಬ ವೈದ್ಯರು ಒಂದು ಸೊಗಸಾದ ಉಪಾಯವನ್ನು ಪ್ರಕಟಿಸಿದರು. ರೋಗಿಗೆ ಅರಿವಳಿಕೆ ಕೊಟ್ಟು, ಎದೆಯೆಲುಬಿನ ಮೇಲಣ ಗುಳಿಯಲ್ಲಿ ಚಿಕ್ಕದೊಂದು ಗಾಯ ಮಾಡಿ, ಶ್ವಾಸನಾಳದ ಮುಂಭಾಗಕ್ಕೆ ಅಂಟಿದಂತೆ ಬೆರಳಿನಿಂದ ದಾರಿ ಬಿಡಿಸಿಕೊಂಡು, ದೀಪವಿರುವ ಕೊಳವೆಯನ್ನು ಇಳಿಬಿಡುವುದು. ೨, ೪, ೭ ಈ ಠಾಣೆಗಳು ಕೈಗೆ ಸಿಕ್ಕುವುವು. ಬಹುಕಾಲ ಇದೇ ಕಡೆಯ ಪ್ರಮಾಣವೆನಿಸಿತ್ತು. ಆದರೆ ಮಹಾಪಧಮನಿಯ ಕಮಾನು ಅಡ್ಡವಾಗಿ ನಿಂತಿರುವುದರಿಂದ ೫ ಮತ್ತು ೬ ಇದಕ್ಕೆ ಎಟಕವು. ಅವುಗಳಿಗಾಗಿ ಮೆಕ್‌ನೀಲ್ ಮತ್ತು ಚೇಂಬರ್ಲೇನ್ ಎಂಬುವರು ೧೯೬೬ರಲ್ಲಿ ಎಡಗಡೆ ಪಕ್ಕೆಲುಬಿನ ಬಳಿ ಬೇರೊಂದು ಕಿಂಡಿಯನ್ನು ತೆರೆಯುವ ಕ್ರಮವನ್ನು ಹೇಳಿದರು.

ಈ ಶತಮಾನದ ಸಾಧನೆ ಇನ್ನೂ ನಯವಾದುದು. ಬಾಗುವ ಶ್ವಾಸನಾಳದರ್ಶಕವನ್ನು ೧೯೬೦ರ ದಶಕದಲ್ಲಿ ನಿರ್ಮಿಸಿದವರು ಶಿಗೆಟೊ ಇಕೆಡ. ಅವರೂ ನಾರುಕೆಯ ಆಸ್ಪತ್ರೆಯವರೇ. ಅದರ ತುದಿಗೆ ಶ್ರವಣಾತೀತ ಧ್ವನಿಯ ಯಂತ್ರವೊಂದನ್ನು ಕೂರಿಸಿದ ಉಪಕರಣದ ಫಲಿತಾಂಶಗಳನ್ನು ಜಪಾನಿನ ಚಿಬಾ ವಿಶ್ವವಿದ್ಯಾಲಯದ ಯಾಸುಫುಕು ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದರು. ನಮ್ಮ ಕಿವಿಗೆ ಸೆಕೆಂಡಿಗೆ ೨೦,೦೦೦ ಕಂಪನಗಳ ಮೇಲಿನದು ಕೇಳಿಸದು; ಇಲ್ಲಿ ಬಳಸುವುದು ಸುಮಾರು ೭೫ ಲಕ್ಷ ಕಂಪನಗಳ ಧ್ವನಿ. ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿದ ಯಂತ್ರವು ಗೋಡೆಯಾಚೆಗಿನ ಗ್ರಂಥಿಯನ್ನೂ ಅದರ ಪಕ್ಕದಲ್ಲಿ ಮಿಡಿಯುವ ರಕ್ತನಾಳವನ್ನೂ ಪರದೆಯ ಮೇಲೆ ತೋರಿಸುವುದು. ವೈದ್ಯನು ನೋಡುತ್ತಲೇ ಗೋಡೆಯ ಮೂಲಕ ಸೂಜಿ ತೂರಿಸಿ ಕೆಲವು ಕೋಶಗಳನ್ನು ಹೀರಿಕೊಳ್ಳುವನು. ಮೈಮೇಲೆ ಗಾಯವಿಲ್ಲ. ಅನ್ನನಾಳದೊಳಗಿನಿಂದಲೂ ಇದೇ ಕೆಲಸವನ್ನು ಮಾಡಿದರೆ ೮ ಮತ್ತು ೯ನೆಯ ಠಾಣೆಗಳೂ ಸಿಕ್ಕುವುವು.

ಸೂಜಿ ಹಾಕುವುದರಲ್ಲಿ ಒಂದು ಕ್ರಮವಿದೆ. ಅದರ ಹಿಂದಿನ ತರ್ಕ ಚೆನ್ನಾಗಿದೆ. ಮೊದಲು ಎದುರು ಕಡೆಯ ಎನ್-೩ ಠಾಣೆಗಳು, ಆಮೇಲೆ ಎನ್-೨, ಕಡೆಗೆ ಎನ್-೧. ಗಂತಿಯ ಬಳಿಯಿಂದ ಆರಂಭಿಸಿದರೆ ಸೂಜಿಗೆ ಅಂಟಿದ ರೋಗಕೋಶವು ದೂರದ ಶುದ್ಧ ಗ್ರಂಥಿಯ ಮಾದರಿಯಲ್ಲಿ ಬೆರೆತು, ಇಲ್ಲದ ರೋಗವನ್ನು ಇದೆಯೆಂದು ತೋರಿಸಬಹುದು. ದೂರದಿಂದ ಹತ್ತಿರಕ್ಕೆ ಬಂದರೆ ಆ ಭಯವಿಲ್ಲ. ಈ ವಿಧಾನದ ಬೆಲೆಯನ್ನು ಯೂರೋಪಿನ ನಾಲ್ಕು ಆಸ್ಪತ್ರೆಗಳಲ್ಲಿ ೨೪೧ ರೋಗಿಗಳ ಮೇಲೆ ನಡೆಸಿ ೨೦೧೦ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ತೋರಿಸಿತು. ಕಾರ್ಲೆನ್ಸರ ಕ್ರಮವನ್ನೇ ನೇರವಾಗಿ ಅನುಸರಿಸಿದವರಲ್ಲಿ ನೂರಕ್ಕೆ ೧೮ ಮಂದಿಯ ಎದೆಯನ್ನು ವೃಥಾ ತೆರೆಯಬೇಕಾಯಿತು. ಮೊದಲು ಶ್ವಾಸನಾಳ ಮತ್ತು ಅನ್ನನಾಳಗಳಿಂದ ಸೂಜಿ ಹಾಕಿ ನೋಡಿ, ಏನೂ ಸಿಕ್ಕದಿದ್ದರೆ ಮಾತ್ರ ಕಾರ್ಲೆನ್ಸರ ಕ್ರಮಕ್ಕೆ ಹೋದವರಲ್ಲಿ ಅದು ನೂರಕ್ಕೆ ೭ಕ್ಕೆ ಇಳಿಯಿತು.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೂ ನಕ್ಷೆಯ ಕೆಲಸ ಮುಗಿಯುವುದಿಲ್ಲ. ವೈದ್ಯನು ಠಾಣೆಠಾಣೆಯಿಂದ ಗ್ರಂಥಿಗಳನ್ನು ತೆಗೆದು, ಒಂದೊಂದನ್ನೂ ಬೇರೆಬೇರೆ ಸೀಸೆಯಲ್ಲಿಟ್ಟು ಅಂಕಿ ಬರೆದು ಪ್ರಯೋಗಶಾಲೆಗೆ ಕಳುಹಿಸುವನು. ಗಂತಿಯಿಂದ ರಸವು ಮೊಟ್ಟಮೊದಲು ತಲುಪುವ ಒಂದೇ ಗ್ರಂಥಿಯನ್ನು ಬಣ್ಣ ಹಾಯಿಸಿ ಕಂಡುಹಿಡಿದರೆ ಸಾಲದೆ ಎಂದು ಕೆಲವರಿಗೆ ತೋರಿತು. ಚರ್ಮದ ಮತ್ತು ಸ್ತನದ ಏಡಿಗಂತಿಗಳಲ್ಲಿ ಆ ಉಪಾಯ ಫಲಿಸಿದೆ. ಶ್ವಾಸಕೋಶದಲ್ಲಿ ಮಾತ್ರ ಒಂದು ವಿನೋದದ ಅಡ್ಡಿ ಬಂದಿತು: ನಾವು ಆಯುಷ್ಯವಿಡೀ ಉಸಿರಾಡಿದ ಹೊಗೆ, ಮಸಿಗಳೆಲ್ಲ ಈ ಗ್ರಂಥಿಗಳಲ್ಲಿಯೇ ಸಂಗ್ರಹವಾಗಿ ಅವು ಇದ್ದಲಿನಂತೆ ಕಪ್ಪಾಗಿರುತ್ತವೆ. ಇದ್ದಲಿನ ಮೇಲೆ ನೀಲಿಬಣ್ಣ ಕಾಣುವುದೆಂತು? ವಿಕಿರಣಶೀಲ ಟೆಕ್ನೀಷಿಯಮ್ಮನ್ನೂ ಬಳಸಿ ನೋಡಿದ್ದಾರೆ. ಆದರೂ ಇದು ದಿನನಿತ್ಯದ ಬಳಕೆಗೆ ಬಂದಿಲ್ಲ.

ರೋಗದ ಹಂತಗಳನ್ನು ವಿಧಿಸುವ ಪಟ್ಟಿಯ ಒಂಬತ್ತನೆಯ ಆವೃತ್ತಿಯು ೨೦೨೫ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ಎನ್-೨ನ್ನು ಒಡೆದು ಎರಡು ಮಾಡಿದ್ದಾರೆ: ಮಧ್ಯಾವಕಾಶದ ಒಂದೇ ಠಾಣೆಯಲ್ಲಿ ರೋಗವಿದ್ದರೆ ‘ಎ’, ಒಂದಕ್ಕಿಂತ ಹೆಚ್ಚು ಠಾಣೆಗಳಲ್ಲಿದ್ದರೆ ‘ಬಿ’. ಮೂಲಗಂತಿಯು ಮೂರು ಸೆಂಟಿಮೀಟರಿಗೆ ಮೀರದಿದ್ದು ದೂರಕ್ಕೆ ಹಬ್ಬಿರದಿದ್ದರೆ, ‘ಎ’ ಎಂಬುದು ಎರಡನೆಯ ಹಂತಕ್ಕೂ ‘ಬಿ’ ಎಂಬುದು ಮೂರನೆಯ ಹಂತಕ್ಕೂ ಸೇರುವುದು. ಬಲಗಡೆ ೨ನೆಯ ಠಾಣೆಗೂ ೪ನೆಯದಕ್ಕೂ ನಡುವಣ ಗಡಿಯೆಂದರೆ, ಎಡಗಡೆಯಿಂದ ಬರುವ ದೊಡ್ಡ ಸಿರೆಯೊಂದರ ಕೆಳ ಅಂಚು ಶ್ವಾಸನಾಳವನ್ನು ಹಾಯುವ ಎಡೆ. ರೋಗ ತಗುಲಿದ ಎರಡು ಗ್ರಂಥಿಗಳು ಈ ಗಡಿಯ ಕೆಳಗೆ ಒಂದರ ಪಕ್ಕದಲ್ಲೊಂದು ಇದ್ದರೆ ಲೆಕ್ಕಕ್ಕೆ ಠಾಣೆ ಒಂದೇ. ಒಂದು ಗ್ರಂಥಿ ಅದೇ ಅಂಚಿನಿಂದ ಬೆರಳಗಲ ಮೇಲಿದ್ದರೆ ಠಾಣೆಗಳು ಎರಡು.